ನೆಲ ನಡೆದ ಒಂಬತ್ತು ಎಣಿಕೆ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ವಳಕಮದಿನ್ನಿ ಹತ್ತಿರ, ಕಾಲುವೆಯ ಅಡಿಯಿಂದ ಹಳ್ಳದ ನೀರು ದಾಟಿಸುವ ಪೈಪು ಹೂಳಿನಿಂದ ಕಟ್ಟಿಕೊಂಡಿದೆ. ಆಚೆ ಕಡೆ ನೀರು ನಿಂತು ಮೂರು ಮನೆಯವರ ನಾಟಿ ಮುಳುಗಿದೆ. ಈಚೆ ಬಾಯಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಕೌಸರ್, ಮಂಡಿಯೆತ್ತರದ ಗಾಡಿಯೊಂದನ್ನು ಒಳಗೆ ಇಳಿಸುತ್ತಿದ್ದಾರೆ. ಪಕ್ಕದಲ್ಲಿ ಸಲಿಕೆ ಹಿಡಿದ ಆದಪ್ಪ. ಗಾಡಿ ಸರಿಯಾಗಿ ಹೋಗಿಬಂದರೆ, ಅದರ ಹಿಂದೆ ತೆವಳಿಕೊಂಡು ಒಳಹೋಗಬೇಕಾದವರು ಇವರೇ.

ಆದಪ್ಪ ಮೊದಲು ಪೈಪಿಗೆ ಬಾಯಿಟ್ಟು ಕೂಗುತ್ತಾರೆ. “ಬೀರಲಿಂಗಾ…”

ಬೀರಲಿಂಗ ಅವರ ಜೊತೆಗಾರ. ಆರು ವರ್ಷದ ಹಿಂದೆ ಮಸ್ಕಿ ಕಡೆಯ ಇಂಥದೇ ಪೈಪಿನೊಳಗೆ ಹೋದವರು ಜೀವಂತವಾಗಿ ಹೊರಬರಲಿಲ್ಲ. ಅಂದಿನಿಂದ ಆದಪ್ಪ ಅದೇ ಹೆಸರು ಕೂಗುತ್ತಾರೆ. ಪೈಪು ತೆರೆದಿದ್ದರೆ ಕೂಗು ಆಚೆ ಬೀಳುತ್ತದೆ, ಗಟ್ಟಿಯಾಗಿ ಕಟ್ಟಿದ್ದರೆ ತಿರುಗಿ ಬರುತ್ತದೆ. ಇವತ್ತು ಎರಡೂ ಆಗುವುದಿಲ್ಲ.

“ನುಂಗಿಬಿಡ್ತು,” ಎನ್ನುತ್ತಾರೆ ಆದಪ್ಪ.

ಕೌಸರ್‌ಗೆ ನಲವತ್ನಾಲ್ಕು ವರ್ಷ. ಸಿಂಧನೂರಿನಲ್ಲಿ ತಂದೆ ಮಹಮ್ಮದಸಾಬರ ಮೋಟಾರು ವೈಂಡಿಂಗ್ ಅಂಗಡಿಯನ್ನು ಇಪ್ಪತ್ತೆರಡು ವರ್ಷಗಳಿಂದ ನಡೆಸುತ್ತಿದ್ದಾರೆ. ದಿನಕ್ಕೆ ಏಳೆಂಟು ಫ್ಯಾನು, ಒಂದೆರಡು ಪಂಪು. ಬೀರಲಿಂಗ ಸತ್ತ ವರ್ಷ ಗುಜರಿಯಿಂದ ಕಾರಿನ ವೈಪರ್ ಮೋಟಾರು ತಂದು ಈ ಗಾಡಿ ಕಟ್ಟಿದರು. ಮುಂದೆ ಟಾರ್ಚು, ವಿಡಿಯೋ ಹಿಡಿಯಲು ಒಂದು ಹಳೆಯ ಫೋನು. ಹಿಂದೆ ಉದ್ದದ ವೈರು. ವೈರಿನ ತುದಿಯ ಸ್ವಿಚ್ಚು ಅವರ ಕೈಯಲ್ಲಿ. ಊರವರು ಇದನ್ನು ರೋಬೋಟ್ ಗಾಡಿ ಎನ್ನುತ್ತಾರೆ. ಈ ಹಂಗಾಮಿನಲ್ಲಿ ಹತ್ತೊಂಬತ್ತು ಪೈಪು ನೋಡಿ ಬಂದಿದೆ.

“ಎರಡಿದ್ದ ಮೋಟಾರು ನಾಕ್ ಮಾಡೀಯಂತ. ಇನ್ನ ಇದು ರಾಯಚೂರು ಬಸ್ಸಿನಂಗ ಓಡತೈತೇನು?” ಆದಪ್ಪ ಕೆಣಕುತ್ತಾರೆ.

“ನಾಕ್ ಎತ್ತು ಕಟ್ಟಿದ್ರ ಎತ್ತಿನ ಹೆಜ್ಜಿ ಜೋರಾಗತೈತೇನ್ ಕಾಕಾ? ಭಾರ ಎಳೀತಾವ, ಅಷ್ಟ.”

ಲೆಕ್ಕ ಕೌಸರ್ ಹತ್ತಿರ ಇದೆ. ಒಣನೆಲದಲ್ಲಿ ಅರವತ್ತು ಅಡಿಗೆ ಎರಡು ಮೋಟಾರಿನ ಗಾಡಿ ನಲವತ್ತು ಎಣಿಕೆ ತೆಗೆದುಕೊಳ್ಳುತ್ತಿತ್ತು. ನಾಲ್ಕು ಹಾಕಿದ ಮೇಲೂ ನಲವತ್ತೇ. ಬ್ಯಾಟರಿ ಅದೇ ಹನ್ನೆರಡು ವೋಲ್ಟಿನದು, ಮೋಟಾರು ತಿರುಗುವುದು ಅಷ್ಟೇ. ವ್ಯತ್ಯಾಸ ಕಾಣುವುದು ಕೆಸರಿನಲ್ಲಿ. ಅಲ್ಲಿ ಎರಡು ಮೋಟಾರು ಏದುಸಿರು ಬಿಟ್ಟು ಎಪ್ಪತ್ತು ಎಣಿಕೆ ಮಾಡುತ್ತಿದ್ದವು, ನಾಲ್ಕು ನಲವತ್ತರಲ್ಲೇ ಮುಗಿಸುತ್ತವೆ.

ಗಾಡಿಯ ಬೆಳಕು ಒಳಗೆ ಸಣ್ಣದಾಗುತ್ತದೆ. ನಲವತ್ತಕ್ಕೆ ಮೋಟಾರಿನ ಸದ್ದು ತಗ್ಗುತ್ತದೆ. ಹೂಳಿನ ಗೋಡೆ ಸಿಕ್ಕಿದೆ. ಹಿಂದಿನ ಗಾಡಿಯಾಗಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಎಷ್ಟು ಗಟ್ಟಿಯೋ ನೋಡೋಣವೆಂದು ಕೌಸರ್ ಇನ್ನೂ ಮೂರು ಎಣಿಕೆ ಸ್ವಿಚ್ಚು ಒತ್ತಿ ಹಿಡಿಯುತ್ತಾರೆ. ಆಮೇಲೆ ಹಿಂದಕ್ಕೆ ತಿರುಗಿಸುತ್ತಾರೆ. ಸದ್ದು ಮತ್ತೆ ಸಮವಾಗುತ್ತದೆ. ತುಟಿಯಲ್ಲೇ ದಖನಿಯ ಎಣಿಕೆ. ಕೈಯಲ್ಲಿ ವೈರು ಸಡಿಲಾಗುತ್ತ ಬರುತ್ತದೆ, ಸುತ್ತಿದಷ್ಟೂ ಸಡಿಲ. “ತೀಸ್, ಇಕತೀಸ್…”

ಗಾಡಿ ಬಾಯಿಗೆ ಬಂದು ನಿಂತಿದೆ. ಹೋಗುವಾಗ ನಲವತ್ತು, ಬರುವಾಗ ಮೂವತ್ತೊಂದು. ಮೋಟಾರಿನ ಸದ್ದು ಒಮ್ಮೆಯೂ ಏರಿರಲಿಲ್ಲ.

ಆದಪ್ಪ ಸಲಿಕೆಯನ್ನು ಒಳಗಿಟ್ಟು ಒಂದು ಮಂಡಿ ಊರಿದ್ದಾರೆ. ಕೌಸರ್ ಅವರ ಅಂಗಿ ಹಿಡಿದು ಎಳೆಯುತ್ತಾರೆ.

“ಒಳಗ ಹೋಗಬ್ಯಾಡ್ರಿ ಕಾಕಾ.”

“ಯಾಕ ಬೇ? ಜಲ್ದಿ ಬಂತಲ್ಲ, ಛಲೋ ಆತು.”

“ಜಲ್ದಿ ಬರಾಕ ಆಗಂಗಿಲ್ರಿ ಇದಕ್ಕ. ಗಾಲಿ ಅಷ್ಟ ತಿರುಗ್ಯಾವ. ನೆಲಾನ ನಡದೈತಿ. ಏಳ್ರಿ ಮ್ಯಾಲ.”

ಇಬ್ಬರೂ ಗಾಡಿ ಬಿಟ್ಟು ಕಾಲುವೆಯ ಏರಿ ಹತ್ತುತ್ತಾರೆ. ಎರಡು ನಿಮಿಷವೂ ಆಗಿಲ್ಲ. ಪೈಪಿನ ಬಾಯಿಂದ ಮೊದಲು ತಣ್ಣನೆಯ ಗಾಳಿ, ಆಮೇಲೆ ಬಾಯಿತುಂಬ ಕಪ್ಪು ಹೂಳು ಸದ್ದಿಲ್ಲದೆ ಹೊರಬರುತ್ತದೆ. ಸದ್ದು ಬಂದದ್ದು ಅದರ ಹಿಂದಿನ ನೀರಿನಿಂದ.

ಕೆಸರಿನಿಂದ ತೆಗೆದ ಫೋನು ಸಂಜೆ ಆನ್ ಆಯಿತು. ಗಾಡಿ ಹಿಂದಕ್ಕೆ ಬರುತ್ತಿದ್ದಂತೆ ದೂರ ಸರಿಯಬೇಕಿದ್ದ ಹೂಳಿನ ಗೋಡೆ, ಅದರಲ್ಲಿ ಕಾಣಿಸುವಂತೆ, ಗಾಡಿಯ ಬೆನ್ನಟ್ಟಿ ಬರುತ್ತಿದೆ.

“ಎರಡು ಮೋಟಾರು ಇದ್ದಿದ್ರ ಅದು ಅಲುಗ್ತಿರಲಿಲ್ಲ. ನಾನ ದೂಡೀನಿ ಅದನ್ನ,” ಎನ್ನುತ್ತಾರೆ ಕೌಸರ್. ಅವರಿಗೀಗ ಇನ್ನೂ ಅರವತ್ತು ಅಡಿ ವೈರು ಬೇಕಾಗಿದೆ. “ಏರಿ ಮ್ಯಾಲ ಕುಂತು ನಡಸ್ಬೇಕ್ರೀ. ಪೈಪಿನ ಬಾಯಾಗ ಯಾರೂ ಕೂಡಬಾರದು.”

ಆದಪ್ಪನವರ ಸಲಿಕೆ ಮೂರು ದಿನದ ಮೇಲೆ ಅರ್ಧ ಮೈಲಿ ಕೆಳಗಿನ ಗದ್ದೆಯಲ್ಲಿ ಸಿಕ್ಕಿತು. ಮರದ ಕಾವು ಮುರಿದಿತ್ತು.