ಬಲ್ಬು ಹತ್ತುವವರೆಗೆ

ನಿಸರ್ಗದ ಮುಂದೆ ಮನುಷ್ಯ ಅಲ್ಪ. ತಗಡಿಗೆ ಬೋಲ್ಟು ಹಾಕಿದ್ದರೆ ಅಷ್ಟೇನೂ ಅಲ್ಪನಾಗುತ್ತಿರಲಿಲ್ಲ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಒಂದು ಪಾವರ್‌ಲೂಮ್ ಶೆಡ್ಡು. ಅದರ ಮುಂದಿನ ಕಟ್ಟೆಗೆ ತಗಡಿನ ಚಪ್ಪರ, ತಗಡು ಹಾರದಿರಲೆಂದು ಮೇಲೆ ನಾಲ್ಕು ಕಲ್ಲು. ಒಂದು ಬೇಸಗೆಯ ಮಧ್ಯಾಹ್ನ ಗಾಳಿಮಳೆ ಎದ್ದಿತು, ಕರೆಂಟು ಹೋಯಿತು, ನೇಕಾರರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಕರೆಂಟು ಹೋದರೆ ನಮ್ಮಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ಒಳಗಿನ ಒಂದು ಬಲ್ಬಿನ ಸ್ವಿಚ್ಚು ಹಾಕಿಯೇ ಇಟ್ಟು, ಅದರ ಮೇಲೆ ಕಣ್ಣಿಟ್ಟು ಕಾಯುತ್ತಾರೆ. ಬಲ್ಬು ಹತ್ತಿದ ಗಳಿಗೆಗೆ ಮಗ್ಗದ ಮುಂದೆ ನಿಂತಿರಬೇಕು. ಆ ದಿನ ಬಲ್ಬಿಗಿಂತ ಮೊದಲು ತಗಡು ಬಂತು. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಪಕ್ಕದ ಮನೆಯವನ ಬಲಗೈ ಮೇಲೆ ಬಿದ್ದು ಮೂರು ಬೆರಳಿನ ನರ ಕತ್ತರಿಸಿತು. ಹರಿದ ಎಳೆಯನ್ನು ನೋಡದೆಯೇ ಗಂಟು ಹಾಕುತ್ತಿದ್ದ ಕೈ ಅದು.

ಶೆಡ್ಡಿನ ಮಾಲಕರು ಕೆಟ್ಟವರಲ್ಲ. ತಾವೇ ಬಾಡಿಗೆ ಜೀಪಿನಲ್ಲಿ ಅವನನ್ನು ದವಾಖಾನೆಗೆ ಒಯ್ದರು. ಪರಿಹಾರದ ಮಾತು ಬಂದಾಗ ಮಾತ್ರ ಆಕಾಶದ ಕಡೆ ಕೈ ತೋರಿಸಿದರು. ಗಾಳಿ ತಾವು ಬೀಸಿದ್ದಲ್ಲ ಎಂಬುದು ಅವರ ವಾದ. ಅದನ್ನು ಅಲ್ಲಗಳೆಯಲು ಯಾರಿಂದಲೂ ಆಗಲಿಲ್ಲ.

ಅರ್ಜಿ ಬರೆಯುವ ಭಾರ ನನ್ನ ಮೇಲೆ ಬಿತ್ತು. ನಾನು ಸಾಲಿ ಮಾಸ್ತರ; ಓಣಿಯ ಅರ್ಜಿಗಳೆಲ್ಲ ನನ್ನವೇ. ‘ಮಗ್ಗಗಳು ವಿಶ್ರಾಂತಿಯಲ್ಲಿದ್ದು, ಕಾರ್ಮಿಕರು ಆರಾಮವಾಗಿ ಕುಳಿತಿರಲಾಗಿ, ಪ್ರಚಂಡ ಮಾರುತವು’ ಎಂದು ಆರಂಭಿಸಿದೆ. ಎರಡು ಸಲ ಓದಿ ನಾನೇ ಮೆಚ್ಚಿಕೊಂಡೆ.

ಬಾಗಲಕೋಟೆ ಆಗ ಹೊಸ ಜಿಲ್ಲೆ. ವಿಚಾರಣೆ ಅಲ್ಲಿ, ಕಾರ್ಮಿಕ ಇಲಾಖೆಯ ಅಧಿಕಾರಿಗಳ ಮುಂದೆ. ಮಾಲಕರ ವಕೀಲರು ನನ್ನ ಅರ್ಜಿಯನ್ನು ನನಗಿಂತ ಚೆಂದ ಓದಿದರು; ‘ಆರಾಮವಾಗಿ’ ಎಂಬಲ್ಲಿ ತುಸು ನಿಂತರು. ಮಗ್ಗ ನಿಂತಿತ್ತು, ಕೂಲಿ ನೇಯ್ದ ಸೀರೆಗೆ ಮಾತ್ರ, ಆದ್ದರಿಂದ ಆ ಹೊತ್ತಿನಲ್ಲಿ ಇವನು ಕೆಲಸದಲ್ಲೇ ಇರಲಿಲ್ಲ ಎಂದರು. ಪಕ್ಕದ ಮನೆಯವನು ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದ.

“ಏನ್ರಿ ಮಾಸ್ತರ, ನಾ ಖರೇನ ಆರಾಮ ಕುಂತಿದ್ದೆನ?”

ಊರ ಮಕ್ಕಳ ನಿಬಂಧಗಳನ್ನೆಲ್ಲ ತಿದ್ದಿದವನು ನಾನು. ತಲೆ ತಗ್ಗಿಸಿದೆ.

ಅಧಿಕಾರಿಗಳು ಮಾಲಕರನ್ನು ಒಂದೇ ಪ್ರಶ್ನೆ ಕೇಳಿದರು: ಕರೆಂಟು ಹೋದಾಗ ನೇಕಾರರು ಮನೆಗೆ ಹೋಗಬಹುದೇ? ವಕೀಲರು ಕೆಮ್ಮಿದರು. ಆದರೆ ಶೆಡ್ಡಿನ ಶಿಸ್ತಿನ ಮಾತು ಬಂದರೆ ನಮ್ಮ ಮಾಲಕರ ಉಬ್ಬಿದ ಎದೆ ಯಾವ ಕೆಮ್ಮಿಗೂ ಇಳಿಯುತ್ತಿರಲಿಲ್ಲ.

“ಅದ್ಹೆಂಗ ಹೋಗ್ತಾರ್ರಿ? ಬಲ್ಬ್ ಹತ್ತಿದಾಗ ಮಗ್ಗದ ಮುಂದ ಇಲ್ಲದವ ಮರುದಿನ ನನ್ನ ಶೆಡ್ಡಿಗೆ ಬರೂದ ಬ್ಯಾಡ.”

“ಅಂದ್ರ ಅವನ್ನ ಅಲ್ಲಿ ಕುಂದರ್ಸಿದವರು ನೀವ ಅಂದಂಗಾತು,” ಎಂದು ಅಧಿಕಾರಿಗಳು ಬರೆದುಕೊಂಡರು.

ಊರಿಗೆ ಮರಳುವ ಬಸ್ಸಿನಲ್ಲಿ ಆ ಕೈಗೆ ಯಾರೂ ತಾಗದಂತೆ ಅವನನ್ನು ಕಿಟಕಿಯ ಬದಿಗೆ ಕೂರಿಸಿ, ಮಾಲಕರು ಈಚೆ ಕೂತರು. ನಾನು ಹಿಂದಿನ ಸೀಟಿನಲ್ಲಿ ಯೋಚಿಸುತ್ತಿದ್ದೆ. ಕೂತು ಕಾಯುವುದೂ ಕೆಲಸವೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸಂಬಳದವನಿಗೆ ಹೊಳೆಯುವ ಕಾರಣವೂ ಇರಲಿಲ್ಲ: ಮಳೆ ಬಂದು ಸಾಲಿ ಬಿಟ್ಟರೂ ನನಗೆ ಆ ದಿನದ ಸಂಬಳ ಸಿಗುತ್ತಿತ್ತು.

ನಾಲ್ಕು ತಿಂಗಳಿಗೆ ಆದೇಶ ಬಂತು. ಪರಿಹಾರ ಕೊಡಬೇಕೆಂದಾಯಿತು, ಮಾಲಕರು ಕೊಟ್ಟರು. ಆ ಮೂರು ಬೆರಳು ಮತ್ತೆ ಮಡಚಲಿಲ್ಲ.