ಒಂದು ಮನಿಗೆ ಒಂದೇ ಕೆಲಸ

ಅಪ್ಪನಿಗೆ ಕಿವಿ ಕೇಳಿಸದಂತಾದದ್ದು ಗಿರಣಿಯಿಂದ. ಸಿಂದಗಿಯ ಹೊರಗೆ ನಾಲ್ಕೈದು ಜನ ಅರಿವೆ ವ್ಯಾಪಾರಿಗಳು ಕೂಡಿ ಕಟ್ಟಿಸಿದ್ದ ಸಣ್ಣ ನೂಲಿನ ಗಿರಣಿ ಅದು. ಹದಿನಾರು ವರ್ಷ ಅವನು ಅಲ್ಲಿ ಫಿಟರ್ ಆಗಿದ್ದ. ಸಾವಿರಾರು ಕದಿರುಗಳು ಒಮ್ಮೆಗೇ ತಿರುಗುವ ಆ ಸಪ್ಪಳದಲ್ಲಿ ಉಳಿದವರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಅಪ್ಪ ತುರುಕಿಕೊಳ್ಳುತ್ತಿರಲಿಲ್ಲ. ಯಂತ್ರ ಕೆಡುವ ಮೊದಲು ಅದರ ದನಿ ಬದಲಾಗುತ್ತದೆ, ಕಿವಿ ಮುಚ್ಚಿಕೊಂಡರೆ ಅದು ತಿಳಿಯುವುದಿಲ್ಲ ಎನ್ನುತ್ತಿದ್ದ. ಹಾಗೆ ಯಂತ್ರದ ದನಿ ಕೇಳುತ್ತ ಕೇಳುತ್ತ ಮನೆಯವರ ದನಿ ಅವನಿಗೆ ಕೇಳಿಸದಾಯಿತು.

ನಾನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು ಮನೆಯಲ್ಲಿ ಕೂತಿದ್ದಾಗ ಅದೇ ಗಿರಣಿಯ ಟೈಮ್ ಆಫೀಸಿನಲ್ಲಿ ಒಂದು ಜಾಗ ಖಾಲಿಯಾಯಿತು. ಅಪ್ಪ ಮ್ಯಾನೇಜರರ ಮುಂದೆ ಹೋಗಿ ನಿಂತು ನನಗಾಗಿ ಕೇಳಿದ. ತೊಂಬತ್ತರ ದಶಕದ ನಡುವಿನ ಮಾತು. ಗೇಟಿನ ಪಕ್ಕದ ಸಣ್ಣ ಕೋಣೆ, ಒಂದು ಕಿಟಕಿ, ಒಂದು ಫ್ಯಾನು, ಒಂದು ಟೈಪ್‌ರೈಟರು. ಬಂದವರ ಹಾಜರಿ ಹಾಕುವುದು, ಯಾರಿಗೆ ಯಾವ ಪಾಳಿ ಎಂದು ಪಟ್ಟಿ ಮಾಡಿ ಗೋಡೆಗೆ ಹಚ್ಚುವುದು ನನ್ನ ಕೆಲಸ. ನನ್ನ ಎರಡು ಪಟ್ಟು ವಯಸ್ಸಿನ ಗಂಡಸರು ಕಿಟಕಿಯ ಹೊರಗೆ ನಿಂತು, ಅಕ್ಕಾರ, ನಾಳೆ ನನ್ನ ಪಾಳಿ ಯಾವುದ್ರಿ ಎಂದು ಕೇಳುತ್ತಿದ್ದರು. ನಮ್ಮ ಓಣಿಯಲ್ಲಿ ಕುರ್ಚಿಯ ಮೇಲೆ ಕೂತು ಪಗಾರ ತರುವ ಹೆಣ್ಣುಮಗಳು ನಾನೊಬ್ಬಳೇ. ಬೆಳಿಗ್ಗೆ ಅಪ್ಪ ಸೈಕಲ್ ತುಳಿಯುತ್ತಿದ್ದ, ನಾನು ಹಿಂದೆ ಕೂತು ಇಬ್ಬರ ಬುತ್ತಿಗಂಟೂ ಹಿಡಿದುಕೊಳ್ಳುತ್ತಿದ್ದೆ. ಆ ಮೂರು ವರ್ಷ ನಮ್ಮ ಮನೆಯಲ್ಲಿ ಮುಂದೇನು ಎಂಬ ಮಾತು ಯಾರೂ ಆಡಲಿಲ್ಲ. ಆಡುವ ಪ್ರಸಂಗ ಬರಲಿಲ್ಲ.

ಆಮೇಲೆ ನೂಲು ಮಾರಾಟವಾಗುವುದು ನಿಂತಿತು. ಒಮ್ಮೆಲೇ ಅಲ್ಲ. ವಾರಕ್ಕೆ ನಾಲ್ಕು ಸಲ ಬರುತ್ತಿದ್ದ ಲಾರಿ ಎರಡು ಸಲ ಬರತೊಡಗಿತು, ಆಮೇಲೆ ಒಂದು ಸಲ. ಸೊಲ್ಲಾಪುರದ ಕಡೆ ಮಗ್ಗಗಳೇ ನಿಂತಿವೆಯಂತೆ, ಹೊರಗಿನಿಂದ ಅಗ್ಗದ ನೂಲು ಬರುತ್ತಿದೆಯಂತೆ ಎಂದು ಡ್ರೈವರ್ ಹೇಳಿದ. ಗೋದಾಮು ತುಂಬಿತು. ನೂಲಿನ ಗಂಟುಗಳನ್ನು ಕ್ಯಾಂಟೀನಿನಲ್ಲಿ ಒಟ್ಟಿದರು. ಮಂದಿ ಹೊರಗೆ ಬೇವಿನ ಗಿಡದ ಬುಡಕ್ಕೆ ಕೂತು ರೊಟ್ಟಿ ಬಿಚ್ಚತೊಡಗಿದರು. ಮೂರು ಪಾಳಿ ಎರಡಾದವು. ಕಾಯಂ ಆಗದೆ, ದಿನಾ ಗೇಟಿಗೆ ಬಂದು ಕರೆದರೆ ಒಳಗೆ ಹೋಗುತ್ತಿದ್ದ ಬದಲಿ ಕೆಲಸಗಾರರನ್ನು ಮೊದಲು ಬಿಡಿಸಿದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದವಳು ನಾನೇ. ಆಗ ನನಗೆ ಬಹಳ ಕೆಟ್ಟೆನಿಸಿತು ಎಂದರೆ ಸುಳ್ಳಾಗುತ್ತದೆ. ಗೆರೆ ನೆಟ್ಟಗೆ ಬರಲಿ ಎಂದು ಸ್ಕೇಲು ಇಟ್ಟುಕೊಂಡಿದ್ದೆ.

ಒಂದು ಮಧ್ಯಾಹ್ನ ಮ್ಯಾನೇಜರರು ಟೈಪು ಮಾಡಲು ಒಂದು ನೋಟೀಸು ಕೊಟ್ಟರು. ಒಂದೇ ಮನೆಯವರು ಇಬ್ಬರೋ ಮೂವರೋ ಕೆಲಸದಲ್ಲಿದ್ದರೆ ಇನ್ನು ಮುಂದೆ ಒಬ್ಬರನ್ನು ಮಾತ್ರ ಇಟ್ಟುಕೊಳ್ಳಲಾಗುವುದು, ಯಾರೆಂಬುದನ್ನು ಆಯಾ ಮನೆಯವರೇ ಠರಾಯಿಸಿ ತಿಳಿಸಬೇಕು ಎಂದಿತ್ತು. ಕೆಳಗೆ ಹನ್ನೊಂದು ಮನೆತನಗಳ ಪಟ್ಟಿ. ಏಳನೆಯದು ನಮ್ಮದು. ಅಪ್ಪನ ಹೆಸರು ಸರಿಯಾಗಿ ಹೊಡೆದೆ. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತು. ಹಾಳೆ ಕಿತ್ತು ಮತ್ತೆ ಮೊದಲಿನಿಂದ ಹೊಡೆದೆ.

ಮ್ಯಾನೇಜರರು ಕೆಟ್ಟವರಲ್ಲ. ಮಾಲಕರು ಬಂದ ದಿನ ಅವರೂ ನಮ್ಮ ಹಾಗೆಯೇ ಕೈಕಟ್ಟಿ ನಿಲ್ಲುತ್ತಿದ್ದರು. ಒಂದೊಂದೇ ಮನೆಯವರನ್ನು ಒಳಗೆ ಕರೆದು ಮಾತಾಡಿದರು. ನಮ್ಮ ಸರದಿ ಬಂದಾಗ ಅಪ್ಪ ಎಣ್ಣೆಗೈಯನ್ನು ಹತ್ತಿಯ ಮುದ್ದೆಯಿಂದ ಒರೆಸಿಕೊಳ್ಳುತ್ತ ಬಂದ. ಅವರು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ನನ್ನ ಮುಖ ನೋಡಿದ. ಎಂದಿನಂತೆ ನಾನೇ ಅವನ ಕಿವಿಯ ಹತ್ತಿರ ಬಾಗಬೇಕಾಯಿತು.

“ಇಬ್ಬರೊಳಗ ಒಬ್ಬರ ಇರಬೇಕಂತಪ್ಪ. ಯಾರು ಅನ್ನೂದು ನಾವ ಹೇಳಬೇಕಂತ.”

ಅಪ್ಪ ಇನ್ನೊಮ್ಮೆ ಕೈ ಒರೆಸಿಕೊಂಡ. ಆಮೇಲೆ, “ಆಕಿ ಇರ್ಲಿರಿ,” ಎಂದ.

“ಗಡಿಬಿಡಿ ಮಾಡಬ್ಯಾಡ್ರಿ ಮಿಸ್ತ್ರಿ,” ಎಂದರು ಮ್ಯಾನೇಜರರು. “ನಿಮ್ಮಂಥ ಫಿಟರ್ ನನಗ ಮತ್ತ ಸಿಗೂದಿಲ್ಲ. ಮನ್ಯಾಗ ಕುಂತು ವಿಚಾರ ಮಾಡ್ರಿ. ಸೋಮವಾರ ಹೇಳಿದ್ರೂ ನಡಿತೈತಿ.”

ಇದೂ ಅಪ್ಪನಿಗೆ ಕೇಳಿಸಲಿಲ್ಲ. ಏನಂದರು ಎಂಬಂತೆ ನನ್ನ ಕಡೆ ತಿರುಗಿದ. ಈ ಸಲ ನಾನು ಬಾಗಲಿಲ್ಲ. ಆಯ್ತಂತೆ ಎನ್ನುವ ಹಾಗೆ ತಲೆಯಾಡಿಸಿದೆ. ಅಪ್ಪ ಮ್ಯಾನೇಜರರಿಗೆ ಕೈಮುಗಿದು ಹೊರಗೆ ನಡೆದ. ಅವರು ನನ್ನನ್ನೇ ನೋಡುತ್ತ ಕೂತರು. ನಾನು ನನ್ನ ಕೋಣೆಗೆ ಬಂದು ಕುರ್ಚಿಯ ಮೇಲೆ ಕೂತೆ. ಅದು ನನ್ನದಾಗಿಯೇ ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನ ನನಗೆ ಇವತ್ತಿಗೂ ನೆನಪಿದೆ. ಮುಂದೆ ಎಷ್ಟೋ ಸಲ ಅಪ್ಪನಿಗೆ ಮ್ಯಾನೇಜರರು ಅವತ್ತು ನಿಜವಾಗಿ ಅಂದದ್ದನ್ನು ಹೇಳಿಬಿಡಬೇಕೆಂದು ಹತ್ತಿರ ಹೋದೆ. ಆದರೆ ಅವನಿಗೆ ಏನು ಹೇಳಬೇಕಾದರೂ ಒದರಿ ಹೇಳಬೇಕು. ಅಂಥ ಮಾತನ್ನು ಒದರಿ ಹೇಳಲು ನನ್ನಿಂದ ಆಗಲಿಲ್ಲ.

ಅವತ್ತು ಸಂಜೆ ಅವ್ವ ಅಪ್ಪನನ್ನು ಏನೂ ಕೇಳಲಿಲ್ಲ. ಒಲೆಯ ಮುಂದೆ ಕೂತು ನನ್ನನ್ನು ಕೇಳಿದಳು.

“ನೀ ಏನಂದಿ?”

“ನಾ ಏನೂ ಅನ್ನಲಿಲ್ಲವ್ವ.”

ಅವ್ವ ನನ್ನ ಮುಖ ನೋಡಿದಳು, ಆಮೇಲೆ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು.

ಕೆಲಸ ಗೊತ್ತಿದ್ದವನಿಗೆ ಎಲ್ಲಾದರೂ ಕೆಲಸ ಸಿಕ್ಕೀತು ಎಂದು ಅಪ್ಪನಿಗೆ ಧೈರ್ಯವಿತ್ತು. ಬಾಗೇವಾಡಿಯ ಕಡೆ ಹತ್ತಿ ಬೀಜ ಬಿಡಿಸುವ ಜಿನ್ನುಗಳಲ್ಲಿ ವಿಚಾರಿಸಿದ. ಇದ್ದವರಿಗೇ ಕೆಲಸವಿಲ್ಲ ಎಂದರು. ಮುದ್ದೇಬಿಹಾಳದಲ್ಲಿ ಒಂದು ಎಣ್ಣೆ ಗಾಣದವನು ಇಟ್ಟುಕೊಳ್ಳಲು ಒಪ್ಪಿದ್ದ. ಯಂತ್ರ ತೋರಿಸುತ್ತ, ಯಂತ್ರದ ಪಟ್ಟಾ ಚಾಲೂ ಮಾಡಿದ್ದೇನೆ, ಹಿಂದೆ ಸರಿ ಎಂದು ಅವನು ಕೂಗಿದ್ದು ಅಪ್ಪನಿಗೆ ಕೇಳಿಸಲಿಲ್ಲ. ಅಂಗಿಯ ತೋಳು ಸಿಕ್ಕು ಹರಿಯಿತು, ಕೈ ಉಳಿಯಿತು. ಕಿವುಡರನ್ನು ಯಂತ್ರದ ಹತ್ತಿರ ಬಿಟ್ಟುಕೊಂಡು ನಾನೆಲ್ಲಿ ಕೋರ್ಟು ಕಚೇರಿ ತಿರುಗಲಿ ಎಂದು ಅವನು ಅಂದೇ ಕಳಿಸಿಬಿಟ್ಟ. ಇಂಡಿಯಲ್ಲಿ ಲಿಂಬಿಹಣ್ಣಿನ ಹರಾಜಿನ ಸವಾಲು ನಡೆಯುವಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಒಂದು ತಿಂಗಳು ನಿಂತ. ಸುಗ್ಗಿ ಮುಗಿಯಿತು, ಅದೂ ಮುಗಿಯಿತು.

ಕೊನೆಗೆ ಅವನು ನಮ್ಮ ಗಿರಣಿಯ ಗೇಟಿಗೇ ಬಂದ. ಎಂದೋ ಬಿಡಿಸಿದ್ದ ಬದಲಿಯವರಲ್ಲಿ ಐದಾರು ಮಂದಿ ಇನ್ನೂ ಬೆಳಿಗ್ಗೆ ಬಂದು ನಿಲ್ಲುತ್ತಿದ್ದರು, ಅವರ ಜೊತೆ ಅವನೂ ನಿಂತ. ನಾನು ಕಿಟಕಿಯಿಂದ ಎಲ್ಲರಿಗೂ ಕೈಯಾಡಿಸಿ, ಇವತ್ತು ಏನೂ ಇಲ್ಲ ಎಂದು ತೋರಿಸುತ್ತಿದ್ದೆ. ಅವನು ಅದನ್ನು ನೋಡಿ ಉಳಿದವರ ಜೊತೆ ತಿರುಗಿ ಹೋಗುತ್ತಿದ್ದ. ಎಂಟು ದಿನ ಹೀಗೆ ನಡೆಯಿತು. ಮನೆಯಲ್ಲಿ ನಾವಿಬ್ಬರೂ ಇದರ ಮಾತೆತ್ತಲಿಲ್ಲ. ಒಂಬತ್ತನೆಯ ದಿನದಿಂದ ಅವನು ಬರಲಿಲ್ಲ.

ಇಷ್ಟಾಗಿಯೂ ನನ್ನ ಕುರ್ಚಿ ಒಂದು ವರ್ಷವೂ ಉಳಿಯಲಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಹೋದಾಗ ಗೇಟಿಗೆ ಕೀಲಿ ಬಿದ್ದಿತ್ತು. ಮೇಲೆ ಅಂಟಿಸಿದ ಕಾಗದ ನಾನು ಟೈಪು ಮಾಡಿದ್ದಲ್ಲ, ಬೇರೆಲ್ಲೋ ಮಾಡಿಸಿದ್ದರು. ಮ್ಯಾನೇಜರರು ಹಿಂದಿನ ದಿನವೇ ಊರು ಬಿಟ್ಟಿದ್ದರು. ನಿಂತವರೆಲ್ಲ ಸ್ವಲ್ಪ ಹೊತ್ತು ಅದನ್ನೇ ಓದಿದರು, ಓದು ಬಾರದವರಿಗೆ ನಾನು ಓದಿ ಹೇಳಿದೆ. ಆಮೇಲೆ ನಡೆಯುತ್ತ ಮನೆಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಇಷ್ಟು ಬೇಗ ಬಂದದ್ದು ನೋಡಿ, ಮೈಗೆ ಆರಾಮಿಲ್ಲವೇ ಎಂದು ಕೇಳಿದ.

ಗಿರಣಿ ಮುಚ್ಚಿದರು ಎಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಒದರಿದಾಗ ಎದುರುಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಓಣಿಗೆಲ್ಲ ತಿಳಿದ ಮೇಲೆ ಅಪ್ಪನಿಗೆ ತಿಳಿಯಿತು.

“ನಿಂದೂ ಹೋತು?” ಎಂದ.

“ಹೋತಪ್ಪ.”

ಅವನು ಬೈಯಲಿಲ್ಲ, ಹಣೆ ಹಣೆ ಬಡಿದುಕೊಳ್ಳಲಿಲ್ಲ. ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವ್ವ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಎರಡು ವರ್ಷ ಗಿರಣಿ ಹಾಗೆಯೇ ನಿಂತಿತ್ತು. ಆಮೇಲೆ ಗುಜರಿಯವನೊಬ್ಬ ಯಂತ್ರಗಳನ್ನು ಒಟ್ಟಿಗೆ ಕೊಂಡ. ಅವುಗಳನ್ನು ಬಿಚ್ಚಲು ತಿಳಿದವನು ಬೇಕೆಂದು ಹುಡುಕಿಕೊಂಡು ನಮ್ಮ ಮನೆಗೆ ಬಂದ. ಅಪ್ಪ ಅಂದೇ ಗಡ್ಡ ಬೋಳಿಸಿಕೊಂಡ, ಹಳೆಯ ಖಾಕಿ ಅಂಗಿ ಒಗೆಸಿ ಹಾಕಿಕೊಂಡ. ಮಧ್ಯಾಹ್ನ ಬುತ್ತಿ ಒಯ್ದವಳು ನಾನು. ಒಳಗೆ ಕದಿರುಗಳ ಮೇಲೆ ಪಾರಿವಾಳದ ಹಿಕ್ಕೆ ಬಿದ್ದಿತ್ತು. ಅಪ್ಪ ಜಂಗು ಹಿಡಿದ ಒಂದೊಂದು ಬೋಲ್ಟಿಗೂ ಎಣ್ಣೆ ಬಿಟ್ಟು, ಕಾಯ್ದು, ಸಾವಕಾಶ ಬಿಚ್ಚಿ, ಆಯಾ ಯಂತ್ರದ್ದನ್ನು ಆಯಾ ಡಬ್ಬಿಯಲ್ಲಿ ಹಾಕಿ ಮೇಲೆ ಸುಣ್ಣದ ಖಡುವಿನಿಂದ ನಂಬರು ಬರೆಯುತ್ತಿದ್ದ. ಮುಂದೆಲ್ಲೋ ಅವುಗಳನ್ನು ಮತ್ತೆ ಜೋಡಿಸುತ್ತಾರೆ ಎಂದು ತಿಳಿದಿದ್ದ.

ಗುಜರಿಯವನು ನಕ್ಕ. ಇವೆಲ್ಲ ಕರಗಿಸುವ ಕಬ್ಬಿಣ, ನಂಬರು ಯಾತಕ್ಕೆ ಎಂದು ನನಗೆ ಹೇಳಿದ. ನಾನು ಅಪ್ಪನಿಗೆ ಹೇಳುವಷ್ಟರಲ್ಲಿ ಅವನೇ ಒಂದು ದೊಡ್ಡ ಸುತ್ತಿಗೆ ಎತ್ತಿ, ಯಂತ್ರದ ಕಾಲಿಗೆ ಹೊಡೆದು ತೋರಿಸಿ, ಸುತ್ತಿಗೆಯನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಖಡುವನ್ನು ಡಬ್ಬಿಯೊಳಗೆ ಹಾಕಿದ. ಆಮೇಲೆ ಹೊಡೆದ. ಇಪ್ಪತ್ತು ದಿನದ ಕೆಲಸ ಎಂದಿದ್ದದ್ದು ಆರು ದಿನಕ್ಕೆ ಮುಗಿಯಿತು.

ಅದೇ ಅವನ ಕೊನೆಯ ಕೆಲಸ. ನಾನು ಒಂದು ಖಾಸಗಿ ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಲು ಸೇರಿದೆ. ಏಪ್ರಿಲ್‌ನಲ್ಲಿ ಎಲ್ಲರನ್ನೂ ಬಿಡಿಸುತ್ತಿದ್ದರು, ಜೂನಿನಲ್ಲಿ ಬೇಕಾದವರನ್ನು ಕಾಗದ ಹಾಕಿ ಕರೆಯುತ್ತಿದ್ದರು. ಆ ಎರಡು ತಿಂಗಳು ಅಂಚೆಯವನ ಸೈಕಲ್ ಓಣಿಗೆ ಬಂದಾಗಲೆಲ್ಲ ಅಪ್ಪ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದ. ನಾಲ್ಕು ವರ್ಷ ಕರೆದರು. ಐದನೆಯ ವರ್ಷ ಜೂನ್ ಕಳೆಯಿತು, ಜುಲೈ ಬಂತು. ಕಾಗದ ಬಂತೇನು ಎಂದು ಅಪ್ಪ ದಿನಾ ಕೇಳುತ್ತಿದ್ದ. ನಾನು ಇಲ್ಲ ಎಂದು ಕೈಯಾಡಿಸುತ್ತಿದ್ದೆ.