ಗ್ಯಾಂಗಿನ ಹಾಲಮ್ಮ ಸಾಕ್ಷಿ ಹೇಳಿದ್ದು

ಇವತ್ತು ಬೆಳಿಗ್ಗೆ ನ್ಯಾಮತಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಕ್ಕದ ಮೇಜಿನವರೊಬ್ಬರು ಫೋನಿನಲ್ಲಿ, "ನಾಳೆ ಗ್ಯಾಂಗ್ ಕಳಿಸ್ರಿ, ಎಂಟು ಜನ ಸಾಕು" ಎಂದು ಕೂಗಿದರು. ನನ್ನೆದುರು ಕೂತಿದ್ದ ಪರವೂರಿನವರು ಗಾಬರಿಯಿಂದ ತಿರುಗಿ ನೋಡಿದರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಒಂದು ಕಾಲಕ್ಕೆ ಆ ಪದಕ್ಕೆ ಅವರಿಗಿಂತ ಹೆಚ್ಚು ಹೆದರಿದವನು ನಾನೇ.

ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ನಮ್ಮ ಕಡೆ ಅಡಿಕೆ ಸುಲಿಯಲು ಬರುವ ಆಳುಗಳಿಗೆ ಗ್ಯಾಂಗ್ ಎನ್ನುತ್ತೇವೆ. ಗಾರೆ ಕೆಲಸದವರದ್ದೂ ಗ್ಯಾಂಗೇ, ನಾಟಿಯವರದ್ದೂ ಗ್ಯಾಂಗೇ. ನನ್ನ ಹೆಂಡತಿಯ ಅಕ್ಕತಂಗಿಯರು ಐದೂ ಜನ ಒಟ್ಟಿಗೆ ಬಂದಿಳಿದರೆ ಅದಕ್ಕೂ ಅದೇ ಹೆಸರು. ಆದರೆ ಮೆಲ್ಲಗೆ ಹೇಳಬೇಕು.

ಆಗ ನಾನು ಹೊಸದಾಗಿ ಕರಿಕೋಟು ಹಾಕಿದ್ದ ವಕೀಲ. ಮೊದಲ ಕಕ್ಷಿದಾರ ಸವಳಂಗದ ದಸ್ತಗೀರ್. ಸುಲಿಯುವ ಗ್ಯಾಂಗನ್ನು ತನ್ನ ಗೂಡ್ಸ್ ಆಟೋದಲ್ಲಿ ಕೆಲಸಕ್ಕೆ ಕರೆದೊಯ್ಯುತ್ತಿದ್ದ. ಯಾವುದೋ ಗೋದಾಮಿನಲ್ಲಿ ಅಡಿಕೆ ಕಳುವಾಗಿ, ಇವನು ಕಳ್ಳರ ಗ್ಯಾಂಗಿಗೆ ಸೇರಿದವನೆಂದು ಕೇಸಾಯಿತು. ಇದ್ದ ಸಾಕ್ಷ್ಯ ಅವನ ಫೋನಿನಿಂದ ಗ್ಯಾಂಗಿನವರಿಗೆ ಹೋಗಿದ್ದ ಒಂದೇ ಮೆಸೇಜು: "ನಾಳೆ ಐದಕ್ಕೆ ಗ್ಯಾಂಗ್ ರೆಡಿ ಇರ್ಲಿ. ಕತ್ತಿ ಮರೀಬ್ಯಾಡ್ರಿ. ಮಾಲು ಭಾಳ ಐತೆ. ಯಾರ ಹತ್ರನೂ ಬಾಯಿ ಬಿಡಬ್ಯಾಡ್ರಿ."

ಜಗಳೂರಿನ ಹುಡುಗಿಯೊಂದಿಗೆ ಅವನ ನಿಕಾಹ್ ಗೊತ್ತಾಗಿತ್ತು. ಹುಡುಗಿಯ ತಂದೆ ಬಾಷಾ ಸಾಹೇಬರು, "ಹುಡುಗ ಕಳ್ಳ ಅಲ್ಲ ಅಂತ ನಾನೇ ಕಿವಿಯಾರೆ ಕೇಳ್ಬೇಕು. ಅಲ್ಲೀತಂಕ ಮದುವೆ ಮಾತಿಲ್ಲ" ಎಂದವರೇ ಚನ್ನಗಿರಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಬಂದು ಕೂರತೊಡಗಿದರು. ದಸ್ತಗೀರ್ ನ್ಯಾಯಾಧೀಶರಿಗಿಂತ ಆ ಬೆಂಚನ್ನೇ ಹೆಚ್ಚು ನೋಡುತ್ತಿದ್ದ, ಪಾಪ.

ಗ್ಯಾಂಗುಗಳ ವಿಷಯದಲ್ಲಿ ತಜ್ಞರೆಂದು ಸರ್ಕಾರದ ಪರವಾಗಿ ದೂರದ ನಗರದಿಂದ ಒಬ್ಬ ನಿವೃತ್ತ ಅಧಿಕಾರಿ ಬಂದರು. ಮೆಸೇಜು ಓದಿ, "ಇದು ಅಪರಾಧಿಗಳ ಗುಪ್ತ ಭಾಷೆ" ಎಂದರು. ಇಂಥ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಒಪ್ಪಬಾರದೆಂದು ನಾನು ಹದಿನಾಲ್ಕು ಪುಟ ಬರೆದುಕೊಂಡಿದ್ದೆ. ಎದ್ದು ನಿಂತಾಗ ಗಂಟಲಿನಿಂದ ಬಂದದ್ದು ಮೂರು ಸಾಲು. "ಒಪ್ಪುವುದೋ ಬಿಡುವುದೋ ಆಮೇಲೆ ನೋಡೋಣ. ನಿಮ್ಮ ಸಾಕ್ಷಿ ಇದ್ದರೆ ಕರೆಯಿರಿ" ಎಂದರು ನ್ಯಾಯಾಧೀಶರು.

ನಮ್ಮ ಸಾಕ್ಷಿ, ಗ್ಯಾಂಗಿನ ಹಿರಿಯಳು ಹಾಲಮ್ಮ. ಆ ಹಾಳು ಪದ ಬಾಯಿಗೇ ಬರಬಾರದು, 'ತಂಡ' ಎನ್ನಬೇಕು ಎಂದು ಅವಳಿಗೆ ಇಡೀ ದಿನ ಗಿಳಿಪಾಠ ಮಾಡಿಸಿದ್ದೆ. ಕಟಕಟೆ ಹತ್ತಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ತಂಡ ಅನ್ನು ಅಂತ ಲಾಯರಪ್ಪ ಹೇಳ್ಕೊಟ್ಟೈತೆ ಸ್ವಾಮಿ. ಅದು ನನ್ ಬಾಯಾಗೆ ತಿರುಗಲ್ಲ. ನಾವು ಗ್ಯಾಂಗೇ. ಮೂವತ್ತು ವರ್ಷದಿಂದ ಗ್ಯಾಂಗ್‌ನಾಗೇ ಇದೀನಿ."

ಸರ್ಕಾರಿ ವಕೀಲರ ಮುಖ ಅರಳಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಯಾರಿಗೂ ಹೇಳಬೇಡಿ ಅಂದದ್ದೇಕೆ?" ನ್ಯಾಯಾಧೀಶರೇ ಕೇಳಿದರು.

"ಅಯ್ಯೋ, ಸೀಜನ್‌ನಾಗೆ ಗ್ಯಾಂಗ್ ಸಿಗ್ತಾವಾ ಸ್ವಾಮಿ? ಗೊತ್ತಾದ್ರೆ ಬೇರೆಯೋರು ದಾರ್‍ಯಾಗೇ ಅಡ್ಡ ಹಾಕಿ ಕರ್ಕೊಂಡೋಗ್ತಾರೆ! ಮತ್ತೆ ಕತ್ತಿ ಇಲ್ದೆ ಅಡಿಕೆ ಏನು ಹಲ್ಲಾಗೆ ಸುಲಿಯಾಕಾಗುತ್ತಾ?"

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ತಜ್ಞರನ್ನು ಮತ್ತೆ ಕರೆಸಿ, ಅಡಿಕೆ ಸುಲಿಯುವ ಗ್ಯಾಂಗ್ ನೋಡಿದ್ದೀರಾ ಎಂದು ಕೇಳಿದರು. ದೊಡ್ಡ ಮನುಷ್ಯರು, "ಇಲ್ಲ, ಅಂಥದ್ದಿದೆ ಅಂತ ಕೇಳಿದ್ದೇ ಇವತ್ತು" ಎಂದು ಒಪ್ಪಿಕೊಂಡರು.

ಹೊರಗೆ ಬಂದರೆ ಬಾಷಾ ಸಾಹೇಬರು ಓಡಿ ಬಂದು ನನ್ನ ಕೈ ಹಿಡಿದರು.

"ವಕೀಲ್ ಸಾಬ್, ಜಲ್ದಿ ಒಂದು ತಾರೀಖು ಹೇಳ್ರಿ."

"ತೀರ್ಪಿಗೆ ಇನ್ನೂ ಎರಡು ತಿಂಗಳಾದರೂ ಬೇಕು ಸಾಹೇಬರೇ."

"ತೀರ್ಪು ಹೆಂಗೂ ಬರ್ತೈತೆ ಬಿಡ್ರಿ. ನಾ ಕೇಳಿದ್ದು ನಿಕಾಹ್‌ಗೆ! ಕೋರ್ಟು ಇಲ್ದಿರೋ ದಿನ ಯಾವುದೈತೆ?"

ಖುಲಾಸೆಯ ತೀರ್ಪು ಬಂದಾಗ ದಸ್ತಗೀರನಿಗೆ ಮದುವೆಯಾಗಿ ತಿಂಗಳಾಗಿತ್ತು. ಆ ದಿನ ನನಗಾದ ಸಂತೋಷ ನನ್ನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಬೇಡಿ.

ಇಷ್ಟಾದರೂ ಬುದ್ಧಿ ಬಂತೇ? ಇವತ್ತು ಹೊನ್ನಾಳಿಯ ಹೆಣ್ಣುಮಗಳೊಬ್ಬರು ಸಾಕ್ಷಿ ಹೇಳಬೇಕು. ಅವರು ಏನೇನು ಹೇಳಬೇಕೆಂದು ಎರಡು ಪುಟ ಚೆಂದದ ಭಾಷೆಯಲ್ಲಿ ಬರೆದುಕೊಂಡು ಹೊರಟಿದ್ದೆ. ಹೋಟೆಲಿನಲ್ಲೇ ಹರಿದು ಹಾಕಿದೆ. ಕೋರ್ಟಿನ ಮೆಟ್ಟಿಲ ಬಳಿ ಅವರು ಹೆದರಿಕೊಂಡು, "ಏನಂತ ಹೇಳ್ಲಿ ಸಾರ್?" ಎಂದರು.

"ಮನೆಯಾಗೆ ಹೆಂಗೆ ಹೇಳ್ತೀರೋ ಹಂಗೇ ಹೇಳ್ರಿ ತಾಯಿ" ಎಂದೆ.